ಆಕ್ಟಿವಾಗೆ ಹೊರಗಿನ ಪಾರ್ಟ್ಸ್ ಹಾಕಿಸಿದ್ರೆ ನಿಜಕ್ಕೂ ಉಪಯೋಗ ಇದೆಯಾ? ದಿನಾ ಘಾಟಿ ಹತ್ತೋ ಗಾಡಿ, ಅನುಭವ ಇದ್ದವರು ಹೇಳಿ

ಘಾಟಿ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಆಕ್ಟಿವಾ 3ಜಿ, ಕಾರ್ಬ್ಯುರೇಟರ್ ಗಾಡಿ. ಮೀಟರ್‌ನಲ್ಲಿ 41,300 ಕಿ.ಮೀ. ಇದೆ. ಹತ್ತು ತಿಂಗಳ ಹಿಂದೆ ಹೆಬ್ರಿಗೆ ವರ್ಗ ಆಯ್ತು. ಮನೆ ಆಗುಂಬೆ ಹತ್ತಿರ. ಬೆಳಿಗ್ಗೆ ಘಾಟಿ ಇಳಿಯೋದು, ಸಂಜೆ ಹತ್ತೋದು. ಹದಿನಾಲ್ಕು ಹೇರ್‌ಪಿನ್ ತಿರುವು. ವಾರದಲ್ಲಿ ಮೂರು ದಿನ ಹೆಂಡತಿಯೂ ಹಿಂದೆ ಕೂತಿರ್ತಾಳೆ.

ಒಬ್ಬನೇ ಇದ್ದಾಗ ಹೇಗೋ ಆಗುತ್ತೆ. ಇಬ್ಬರಾದ್ರೆ ತಿರುವು ದಾಟಿದ ಮೇಲೆ ಗಾಡಿ ಏಳೋದೇ ಇಲ್ಲ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದ್ರೂ ಎಂಜಿನ್ ಬರೀ ಕೂಗುತ್ತೆ, ಮುಳ್ಳು 29ರ ಮೇಲೆ ಹೋಗಲ್ಲ. ಹಿಂದೆ ಬಸ್ಸು ಹಾರ್ನ್ ಹೊಡೀತಾ ಇರುತ್ತೆ, ಪಕ್ಕಕ್ಕೆ ಸರಿಯೋಣ ಅಂದ್ರೆ ಅಲ್ಲಿ ಜಾಗ ಇಲ್ಲ. ಆ ಹೊತ್ತಿನಲ್ಲಿ ನಿಜವಾಗ್ಲೂ ಭಯ ಆಗುತ್ತೆ.

ಗ್ಯಾರೇಜಿನವರು ಒಂದು ಪಟ್ಟಿ ಕೊಟ್ಟಿದ್ದಾರೆ: ಹಗುರ ರೋಲರ್, ಗಟ್ಟಿ ಸ್ಪ್ರಿಂಗ್, ಫ್ರೀ ಫ್ಲೋ ಸೈಲೆನ್ಸರ್ (ಹೊಗೆಗೆ ತಡೆ ಕಡಿಮೆ, ಶಬ್ದ ಜಾಸ್ತಿ ಇರೋದು), ಕೋನ್ ಏರ್ ಫಿಲ್ಟರ್, ಇರಿಡಿಯಂ ಪ್ಲಗ್, ಎಲ್‌ಇಡಿ ಬಲ್ಬು, ದಪ್ಪ ಟೈರು. ಒಟ್ಟು 14,500 ರೂಪಾಯಿ. ನನ್ನ ಸಂಬಳಕ್ಕೆ ಇದು ಸಣ್ಣ ಮೊತ್ತ ಅಲ್ಲ. ಇದರಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತೆ?

ಕುಡ್ಲದ ಹುಡುಗ

ಸೈಲೆನ್ಸರ್ ಮಾತ್ರ ಹಾಕ್ಬೇಡಿ ಮಾರಾಯ್ರೆ. ನಾನು ಹಾಕಿ ಅನುಭವಿಸಿದ್ದೇನೆ. ಮೊದಲ ದಿನ ಗಾಡಿ ಹಾರಿದ ಹಾಗೆ ಆಯ್ತು. ಆಮೇಲೆ ಮೊಬೈಲಿನಲ್ಲಿ ಜಿಪಿಎಸ್ ಹಾಕಿ ಪಡೀಲ್ ಕಡೆಯ ಅದೇ ರಸ್ತೆಯಲ್ಲಿ ಎರಡು ಸೈಲೆನ್ಸರಿನಲ್ಲೂ ನೋಡಿದೆ. ಹೆಚ್ಚೇನೂ ಇಲ್ಲ. ಸಣ್ಣ ಸ್ಪೀಡಿನಲ್ಲಿ ಮೊದಲಿಗಿಂತ ಎಳೆತ ಕಮ್ಮಿ ಆಗಿತ್ತು. ಶಬ್ದ ಜಾಸ್ತಿ ಆದ್ರೆ ಸ್ಪೀಡ್ ಜಾಸ್ತಿ ಅಂತ ಕಿವಿ ಹೇಳ್ತದೆ, ಅಷ್ಟೇ.

ಪಕ್ಕದ ಮನೆಯಲ್ಲಿ ಸಣ್ಣ ಮಗು ಉಂಟು. ನಾನು ರಾತ್ರಿ ಬರುವಾಗ ಅದು ಬೆಚ್ಚಿ ಎದ್ದು ಅಳ್ತದೆ ಅಂತ ಅದರ ಅಜ್ಜಿ ಬಂದು ಹೇಳಿದ್ರು. ಮರುದಿನವೇ ತೆಗೆಸಿದೆ.

ಕಾನೂನು ಓದಿದವ

ಅದೇ ವಿಷಯಕ್ಕೆ ಎರಡು ಮಾತು ಸೇರಿಸ್ತೀನಿ. 80ರಿಂದ 175 ಸಿಸಿ ದ್ವಿಚಕ್ರ ವಾಹನ ತಯಾರಾಗಿ ಬರುವಾಗ ಶಬ್ದದ ಮಿತಿ 77 ಡೆಸಿಬೆಲ್. ಕಂಪನಿ ಸೈಲೆನ್ಸರ್ ಅದಕ್ಕೆ ತಕ್ಕಂತೆ ಮಾಡಿರೋದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ವಿವರಣೆಗೆ ವಿರುದ್ಧವಾಗಿ ಗಾಡಿ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿ ಆದಮೇಲೆ, ಮಾಲೀಕನೇ ಹೀಗೆ ಬದಲಾಯಿಸಿದ್ರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತ ಆದಾಗ ವಿಮೆಯವರು ತಕರಾರು ತೆಗೆಯೋಕೂ ದಾರಿ ಆಗುತ್ತೆ. ರೋಲರ್, ಪ್ಲಗ್, ಅದೇ ಅಳತೆಯ ಟೈರು ಬದಲಿಸೋದಕ್ಕೆ ಈ ಭಯ ಬೇಡ.

ಹುಬ್ಬಳ್ಳಿ ಗ್ಯಾರೇಜ್

ನಮಸ್ಕಾರ್ರಿ ಸರ್. ನಾನು ಇಪ್ಪತ್ತು ವರ್ಷದಿಂದ ಸ್ಕೂಟರ್ ಕೆಲಸಾನ ಮಾಡಾಕತ್ತೀನಿ. ಆ ಪಟ್ಟಿಯೊಳಗ ನಿಮ್ಮ ಘಾಟಿಗೆ ಸಂಬಂಧ ಇರೋದು ರೋಲರ್ ಒಂದ ನೋಡ್ರಿ. ಉಳಿದದ್ದು ಆಮ್ಯಾಲೆ ಮಾತಾಡೋಣು.

ಗಾಡಿಗೆ ಗೇರ್ ಇಲ್ಲ ಅಂತೀವಿ, ಆದ್ರ ಗೇರ್ ಬದಲಾಗ್ತಿರ್ತೈತ್ರಿ. ಎಡಗಡೆ ಕವರ್ ಒಳಗ ಮುಂದೊಂದು ಪುಲಿ, ಹಿಂದೊಂದು ಪುಲಿ, ನಡುವ ಬೆಲ್ಟು. ಮುಂದಿನ ಪುಲಿಯೊಳಗ ಆರು ರೋಲರ್ ಇರ್ತಾವು. ಎಂಜಿನ್ ಜೋರಾಗಿ ತಿರುಗಿದಂಗ ರೋಲರ್ ಹೊರಗ ಸರೀತಾವು, ತಟ್ಟೆ ಒತ್ತತಾವು, ಬೆಲ್ಟು ಮ್ಯಾಲೆ ಏರತೈತಿ. ಅದ ನಿಮ್ಮ ಟಾಪ್ ಗೇರ್. ರೋಲರ್ ಹಗುರ ಇದ್ರ ಹೊರಗ ಸರಿಯಾಕ ಎಂಜಿನ್ ಇನ್ನಷ್ಟು ಜೋರ್ ತಿರುಗಬೇಕು. ಅಂದ್ರ ಗಾಡಿ ಸಣ್ಣ ಗೇರಿನೊಳಗ ಹೆಚ್ಚು ಹೊತ್ತು ಇರ್ತೈತಿ. ಏರಿಗೆ ಅದು ಛಲೋ. ಆದ್ರ ಪೆಟ್ರೋಲ್ ಜಾಸ್ತಿ ಕುಡೀತೈತಿ, ಬಯಲೊಳಗ ಸುಮ್ನ ಒದರತೈತಿ. ನಿಮ್ಮ ಎಂಜಿನ್ ಕೊಡೋದ 7,500 ಆರ್‌ಪಿಎಂಗೆ 8 ಬಿಎಚ್‌ಪಿ. ರೋಲರ್ ಅದನ್ನ ಒಂಬತ್ತು ಮಾಡಂಗಿಲ್ಲ, ಇದ್ದ ಎಂಟನ್ನ ಎಲ್ಲಿ ಬೇಕೋ ಅಲ್ಲಿ ಸಿಗೋ ಹಂಗ ಮಾಡತೈತಿ ಅಷ್ಟ.

ಕೋನ್ ಫಿಲ್ಟರ್ ಹಾಕಬ್ಯಾಡ್ರಿ. ಧೂಳು ಸೀದಾ ಪಿಸ್ಟನ್‌ಗೆ ಹೋಗತೈತಿ. ಒಂದ ಕೇಳ್ತೀನಿ, ಬೆಲ್ಟ್ ಯಾವಾಗ ಬದಲಿ ಮಾಡ್ಸೀರಿ?

ಘಾಟಿ ಸವಾರ

ಅಣ್ಣ, ಬೆಲ್ಟ್ ಬದಲಿಸಿದ ನೆನಪಿಲ್ಲ. ಎಣ್ಣೆ ಮಾತ್ರ ತಪ್ಪದೆ ಬದಲಿಸಿದ್ದೀನಿ. ಈ ಭಾನುವಾರ ಹಗುರ ರೋಲರ್ ಹಾಕಿಸ್ತೀನಿ, ಬಂದು ಹೇಳ್ತೀನಿ.

ಚೇತಕ್ ಕಾಲದವರು

ನಾನು 66ರ ವಯಸ್ಸಿನವನು, ತುಮಕೂರು. ಹೊರಗಿನ ಪಾರ್ಟ್ಸ್ ಎಲ್ಲಾ ವ್ಯರ್ಥ ಅನ್ನೋರಿಗೆ ಒಂದು ಮಾತು. ನಮ್ಮ ಚೇತಕ್‌ನಲ್ಲಿ ಪ್ಲಗ್ಗಿಗೆ ಕಿಡಿ ಕೊಡಿಸೋ ಪಾಯಿಂಟ್ಸ್ ಇದ್ದ ಕಾಲ. ಮಳೆ ಬಂದ್ರೆ ಗಾಡಿ ಓರೆ ಮಾಡಿ ಒದೀತಾ ನಿಲ್ಲೋದು, ಮೂರು ತಿಂಗಳಿಗೊಮ್ಮೆ ಗ್ಯಾಪ್ ಸರಿ ಮಾಡಿಸೋದು. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ ಮೇಲೆ ಆ ತಾಪತ್ರಯ ಹೋಯ್ತು. ಅದು ನಿಜವಾದ ಸುಧಾರಣೆ, ಆಮೇಲೆ ಕಂಪನಿಯೇ ಅದನ್ನ ಕೊಡೋಕೆ ಶುರು ಮಾಡ್ತು. 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಗೇರಿಲ್ಲದ ಗಾಡಿ ಅಂತ ಬೀದಿಯೇ ನೋಡೋಕೆ ಬಂದಿತ್ತು. ಅದರಲ್ಲೂ ಇದೇ ಬೆಲ್ಟು, ಇದೇ ರೋಲರ್. ಅವತ್ತೂ ಜನ ಬೆಲ್ಟ್ ಮರೀತಿದ್ರು.

ರಾತ್ರಿಪಾಳಿ

ಲೈಟಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಕೋಲಾರದಿಂದ ನರಸಾಪುರ ಕೈಗಾರಿಕಾ ಪ್ರದೇಶಕ್ಕೆ ರಾತ್ರಿಪಾಳಿಗೆ ಹೋಗ್ತೀನಿ, ನನ್ನದೂ ನಿಮ್ಮ ಥರದ್ದೇ ಹಳೇ ಆಕ್ಟಿವಾ. ಆ ಗಾಡಿಗಳಲ್ಲಿ ಹೆಡ್‌ಲೈಟಿಗೆ ಕರೆಂಟು ಬ್ಯಾಟರಿಯಿಂದ ಬರಲ್ಲ, ಎಂಜಿನ್‌ನ ಕಾಯಿಲ್‌ನಿಂದ ನೇರ ಎಸಿ ಬರುತ್ತೆ. ಅದಕ್ಕೇ ಗಾಡಿ ನಿಧಾನ ಆದಾಗ ಬೆಳಕು ಮಂಕಾಗೋದು. ಘಾಟಿ ತಿರುವಿನಲ್ಲಿ ಬೆಳಕು ಬೇಕಾದಾಗಲೇ ಕಮ್ಮಿ ಇರುತ್ತೆ.

ಮೊದಲು ನಾನು 60/55 ವ್ಯಾಟಿನ ಬಲ್ಬು ಹಾಕಿಸಿದೆ. ಕಂಪನಿಯದ್ದು 35/35. ಒಂದೂವರೆ ತಿಂಗಳಿಗೆ ಸುಟ್ಟ ವಾಸನೆ. ಬಿಚ್ಚಿ ನೋಡಿದ್ರೆ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು, ವೈರಿನ ರಬ್ಬರು ಬೆರಳಲ್ಲಿ ಮುಟ್ಟಿದ್ರೆ ಪುಡಿ ಆಗ್ತಿತ್ತು. ಆಮೇಲೆ ಎಲ್‌ಇಡಿ ಬಲ್ಬು. ಗೋಡೆ ಎದುರು ನಿಲ್ಲಿಸಿದ್ರೆ ಬೆಳಕು ಬೆಳ್ಳಗೆ ಕಾಣುತ್ತೆ, ರಸ್ತೆಗೆ ಬಂದ್ರೆ ಚೆಲ್ಲಾಪಿಲ್ಲಿ. ಆ ರಿಫ್ಲೆಕ್ಟರ್ ಮಾಡಿರೋದು ಫಿಲಮೆಂಟ್ ಇರೋ ಜಾಗಕ್ಕೆ ಸರಿಯಾಗಿ, ಎಲ್‌ಇಡಿ ಚಿಪ್ ಆ ಜಾಗದಲ್ಲಿ ಕೂರಲ್ಲ. ಎದುರಿಂದ ಬರೋರ ಕಣ್ಣಿಗೆ ಹೊಡಿಯುತ್ತೆ, ನಮಗೆ ಗುಂಡಿ ಕಾಣಲ್ಲ. ಎದುರಿನ ಬೈಕಿನವರೊಬ್ಬರು ಕಣ್ಣು ಕೋರೈಸಿ ಮಣ್ಣಿಗೆ ಇಳಿದುಬಿಟ್ಟರು. ಬೀಳಲಿಲ್ಲ, ಆದ್ರೆ ಅವತ್ತು ರಾತ್ರಿ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಈಗ ಇರೋದು ಕಂಪನಿ 35 ವ್ಯಾಟಿನ ಹೊಸ ಬಲ್ಬು, ಹೊಸ ರಿಫ್ಲೆಕ್ಟರ್. ಹಳೇದರ ಕನ್ನಡಿ ಹೊಳಪೇ ಹೋಗಿತ್ತು. ಜೊತೆಗೆ ಹ್ಯಾಂಡಲ್‌ಗಿಂತ ಕೆಳಗೆ ಒಂದೇ ಒಂದು ಹಳದಿ ದೀಪ, ಬ್ಯಾಟರಿಯಿಂದ, ಫ್ಯೂಸ್ ಮತ್ತು ರಿಲೇ ಹಾಕಿ, ಕಿರಣ ನೆಲಕ್ಕೆ ಬೀಳೋ ಹಾಗೆ ಬಗ್ಗಿಸಿ. ಆಗುಂಬೆ ಮಂಜಿಗೆ ಬಿಳಿ ಬೆಳಕು ವಾಪಸ್ ನಮ್ಮ ಕಣ್ಣಿಗೇ ಬರುತ್ತೆ. ಕೆಳಗಿರೋ ಹಳದಿಯೇ ವಾಸಿ.

ಘಾಟಿ ಸವಾರ

ಹೇಳಿದ ಹಾಗೆ ಬಂದೆ. ಹಗುರ ರೋಲರ್ ಹಾಕಿಸಿದೆ, ಒಂದೊಂದು ಎರಡು ಗ್ರಾಂ ಕಡಿಮೆ ಇರೋದು. ಅದೇ ಸಂಜೆ, ಅದೇ ಇಬ್ಬರು, ಪೂರ್ತಿ ಟ್ಯಾಂಕು. ನಾನು ಯಾವಾಗಲೂ ನೋಡೋ ಆ ಕಡಿದಾದ ನೇರ ರಸ್ತೆಯಲ್ಲಿ 29 ಇದ್ದಿದ್ದು 35 ಆಯ್ತು. ಘಾಟಿ ಬುಡದ ಸೋಮೇಶ್ವರದಿಂದ ಮೇಲಕ್ಕೆ 21 ನಿಮಿಷ ಆಗ್ತಿದ್ದಿದ್ದು 18 ಆಯ್ತು. ಹಿಂದೆ ಬಸ್ಸೇ ಕಾಣಲಿಲ್ಲ! ಉಪಯೋಗ ಇದೆ ಅಂತ ನಾನಂತೂ ಒಪ್ಪಿದೆ.

ಕುಡ್ಲದ ಹುಡುಗ

ಒಳ್ಳೆ ಸುದ್ದಿ ಮಾರಾಯ್ರೆ!

ಹುಬ್ಬಳ್ಳಿ ಗ್ಯಾರೇಜ್

ಖುಷಿ ಆತ್ರಿ. ಆದ್ರ ಸರ್, ತೆಗೆದ ಹಳೆ ರೋಲರ್ ಕೈಯಾಗ ಹಿಡಿದು ನೋಡಿದ್ರೇನು? ಅವು ದುಂಡಗ ಇದ್ದುವೋ ಇಲ್ಲೋ? ಅದನ್ನ ನೋಡದ ಹಗುರ ರೋಲರ್ ಗೆದ್ದಿತು ಅನ್ನಾಕ ಬರಂಗಿಲ್ಲ. ಸವೆದ ಪಾರ್ಟ್ ತೆಗೆದು ಏನ್ ಹಾಕಿದ್ರೂ ಗಾಡಿ ಛಲೋನ ಆಗತೈತಿ. ಹೋಲಿಸೋದಿದ್ರ ಹೊಸ ಕಂಪನಿ ರೋಲರ್ ಜೋಡಿ ಹೋಲಿಸ್ರಿ.

ಘಾಟಿ ಸವಾರ

ಅಣ್ಣ, ನೀವು ಹೇಳಿದ ಮೇಲೆ ಗ್ಯಾರೇಜಿಗೆ ಹೋಗಿ ಹಳೇ ರೋಲರ್ ಕೇಳಿ ತಂದೆ, ಡಬ್ಬಿಯಲ್ಲಿ ಇನ್ನೂ ಇದ್ದವು. ಮೇಜಿನ ಮೇಲೆ ಉರುಳಿಸಿದ್ರೆ ಉರುಳೋದೇ ಇಲ್ಲ, ಟಕ್ ಟಕ್ ಅಂತ ನಿಲ್ತವೆ. ಆರರಲ್ಲಿ ನಾಲ್ಕಕ್ಕೆ ಒಂದು ಬದಿ ಹೆಬ್ಬೆರಳಿನ ಉಗುರಿನಷ್ಟು ಅಗಲ ಚಪ್ಪಟೆ. ಒಂದರಲ್ಲಿ ಹೊರಗಿನ ಪ್ಲಾಸ್ಟಿಕ್ ಸವೆದು ಒಳಗಿನ ಲೋಹ ಇಣುಕ್ತಾ ಇದೆ. ಪರಿಚಯದ ಅಕ್ಕಸಾಲಿಗರ ಅಂಗಡಿಯಲ್ಲಿ ಚಿನ್ನದ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿಸಿದೆ. ಎಲ್ಲಕ್ಕಿಂತ ಭಾರದ್ದಕ್ಕೂ ಹಗುರದ್ದಕ್ಕೂ ಹತ್ತಿರ ಒಂದು ಗ್ರಾಂ ವ್ಯತ್ಯಾಸ.

ಇದು ನೋಡಿ ನನ್ನ ಲೆಕ್ಕವೇ ತಲೆಕೆಳಗಾಯ್ತು. ಹಳೇವು ಸವೆದು ಮೊದಲೇ ಹಗುರ ಆಗಿದ್ದವು. ಹಗುರ ಆಗೋದೇ ಮುಖ್ಯ ಆಗಿದ್ರೆ ಗಾಡಿ ಆಗಲೇ ಚೆನ್ನಾಗಿ ಹತ್ತಬೇಕಿತ್ತಲ್ಲ?

ಹುಬ್ಬಳ್ಳಿ ಗ್ಯಾರೇಜ್

ಈಗ ಸರಿಯಾಗಿ ಹಿಡಿದ್ರಿ ನೋಡ್ರಿ. ಚಪ್ಪಟೆ ಆದ ರೋಲರ್ ಜಾರ್ತೈತಿ, ಉರುಳಂಗಿಲ್ಲ. ಮ್ಯಾಲೆ ಏರಿದ್ದು ಅಲ್ಲೇ ಸಿಗಿಬೀಳತೈತಿ. ನೀವು ತಿರುವಿನೊಳಗ ನಿಧಾನ ಆದಾಗ ಬೆಲ್ಟು ತಟ್ಟನ ಸಣ್ಣ ಗೇರಿಗೆ ಇಳೀಬೇಕು, ಇಳಿಯಂಗಿಲ್ಲ. ಅದಕ್ಕ ಗಾಡಿ ಏಳವಲ್ದು. ಮ್ಯಾಲ ಬೆಲ್ಟು 41 ಸಾವಿರದ್ದು, ಸವೆದು ಸಣ್ಣ ಆಗಿ ಜಾರ್ತಿರತೈತಿ. ಎಂಜಿನ್ ಕೂಗೋದು ಅದಕ್ಕ.

ಹಿಂಗ ಮಾಡ್ರಿ. ಹೊಸ ಕಂಪನಿ ಬೆಲ್ಟು, ಹೊಸ ಕಂಪನಿ ರೋಲರ್, ತಟ್ಟೆಯ ಮೂರು ಸ್ಲೈಡ್ ಪೀಸ್. ಕ್ಲಚ್ ಡ್ರಮ್ಮು ಬಿಚ್ಚಿ ಒಳಗಿನ ಹೊಳಪು ಎಮರಿ ಪೇಪರಿನಿಂದ ತೆಗೆಸ್ರಿ. ಏರ್ ಫಿಲ್ಟರ್ ಹೊಸದು ಹಾಕ್ರಿ, ಅದು ಎಣ್ಣೆ ಹಚ್ಚಿದ ಕಾಗದದ್ದು, ಗಾಳಿ ಹೊಡೆದು ಮತ್ತ ಹಾಕಬಾರ್ದು. ಎಣ್ಣೆ 10ಡಬ್ಲ್ಯೂ-30 ಜಾಸೋ ಎಂಬಿ (ಸ್ಕೂಟರ್ ಎಣ್ಣೆಯ ಗುರುತು) ಅಂತ ಬರೆದಿದ್ದ ಇರಲಿ. ಸ್ಕೂಟರಿಗೆ ಕ್ಲಚ್ ಎಣ್ಣೆಯೊಳಗ ಇರಂಗಿಲ್ಲ, ಬೈಕಿನ ದಪ್ಪ ಎಣ್ಣೆ ಹಾಕಿದ್ರ ಸುಮ್ನ ಭಾರ. ಗೇರ್ ಎಣ್ಣೆ ಬ್ಯಾರೆ ಇರ್ತೈತಿ, ಅದನ್ನ ಭಾಳ ಮಂದಿ ಮರೀತಾರ. ಇಷ್ಟು ಮಾಡಿ ಅದ ರಸ್ತೆಯೊಳಗ ನೋಡ್ರಿ.

ಮೈಸೂರಕ್ಕ

ಎಲ್ಲರೂ ಎಂಜಿನ್ ಬಗ್ಗೆ ಮಾತಾಡ್ತಿದ್ದೀರಿ, ನಾನು ಕೂತ್ಕೊಳ್ಳೋ ಜಾಗದ ಬಗ್ಗೆ ಹೇಳ್ತೀನಿ ಕಣ್ರೀ. ಆಕ್ಟಿವಾ ಸೀಟಿನ ಎತ್ತರ 765 ಮಿ.ಮೀ. ನನ್ನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಸಿಗ್ನಲ್‌ನಲ್ಲಿ ಒಂದು ಕಾಲಿನ ತುದಿ ಮಾತ್ರ ನೆಲಕ್ಕೆ ತಾಗ್ತಿತ್ತು. ಹಿಂದೆ ಮಗಳು, ಅವಳ ಬೆನ್ನಿಗೆ ಚೀಲ. ದೇವರಾಜ ಅರಸು ರಸ್ತೆಯಲ್ಲಿ ಒಂದು ಸಲ ನಿಂತ ಗಾಡಿಯೇ ವಾಲಿ ಇಬ್ಬರೂ ಬಿದ್ವಿ. ಸೀಟಿನ ಕೆಲಸದವರ ಹತ್ರ ಮುಂಭಾಗದ ಫೋಮ್ ಒಂದಿಂಚು ತೆಗೆಸಿ, ಎರಡೂ ಅಂಚು ಸಣ್ಣ ಮಾಡಿಸಿದೆ. ಏಳುನೂರು ರೂಪಾಯಿ. ಈಗ ಎರಡೂ ಪಾದ ನೆಲಕ್ಕೆ ತಾಗುತ್ತೆ. ನಾಲ್ಕು ವರ್ಷದಲ್ಲಿ ಈ ಗಾಡಿಗೆ ನಾನು ಮಾಡಿಸಿದ ಕೆಲಸಗಳಲ್ಲಿ ಇದರಷ್ಟು ಉಪಕಾರ ಆಗಿದ್ದು ಬೇರೆ ಇಲ್ಲ.

ಇನ್ನೊಂದು ಟೈರು. ಅಂಗಡಿಯವರೊಬ್ಬರು ಹೊಸದು ಅಂತ ಕೊಟ್ಟಿದ್ದು ಒಂದೇ ಮಳೆಗಾಲಕ್ಕೆ ಬಿರುಕು ಬಿಡ್ತು. ಆಮೇಲೆ ಗೊತ್ತಾಯ್ತು, ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 3223 ಅಂದ್ರೆ 2023ರ 32ನೇ ವಾರ ತಯಾರಾಗಿದ್ದು. ಕೊಳ್ಳೋ ಮುಂಚೆ ಅದನ್ನ ಓದಿ. ಗಾಳಿ ಮುಂದೆ 22, ಹಿಂದೆ ಒಬ್ಬರಿಗೆ 29, ಇಬ್ಬರಿದ್ರೆ 36 ಪಿಎಸ್‌ಐ. ಬಂಕಿನಲ್ಲಿ ಸುಮ್ಮನೆ ನಿಂತರೆ ಎರಡಕ್ಕೂ ಮೂವತ್ತು ಹೊಡೆದುಬಿಡ್ತಾರೆ. ಮುಂದಿನ ಚಕ್ರ ಒದ್ದೆ ರಸ್ತೆಯಲ್ಲಿ ಜಾರೋದು ಅಂಥ ಕಡೆಯಿಂದಲೇ ಶುರು.

ಅಳತೆಪಟ್ಟಿ

ಅಕ್ಕ ಹೇಳಿದ್ದಕ್ಕೆ ದಪ್ಪ ಟೈರಿನ ಲೆಕ್ಕ ಸೇರಿಸ್ತೀನಿ. 3ಜಿಗೆ ಬರೋದು 90/100-10. ಅಗಲ 90 ಮಿ.ಮೀ., ಪಕ್ಕದ ಎತ್ತರ ಅದರ ನೂರಕ್ಕೆ ನೂರು, ಅಂದ್ರೆ 90. ರಿಮ್ 10 ಇಂಚು, 254 ಮಿ.ಮೀ. ಎರಡೂ ಬದಿ ಸೇರಿಸಿದ್ರೆ ಪೂರ್ತಿ ವ್ಯಾಸ 434.

ಈಗ 100/90-10 ನೋಡಿ. ಅಗಲ 100, ಎತ್ತರ ಅದರ ಶೇ. 90, ಮತ್ತೆ 90 ಮಿ.ಮೀ. ವ್ಯಾಸ ಅದೇ 434. ಅಂದ್ರೆ ಎತ್ತರ ಬದಲಾಗದೆ ಬರೀ ಒಂದು ಸೆಂಟಿಮೀಟರ್ ಅಗಲ ಆಗುತ್ತೆ. 120/70-10 ಹಾಕಿದ್ರೆ ಎತ್ತರ 84, ವ್ಯಾಸ 422. ಗಾಡಿ ಕೆಳಗಿಳಿಯುತ್ತೆ, ಸುಮಾರು ಶೇ. 3ರಷ್ಟು ಗೇರ್ ಸಣ್ಣ ಆದ ಹಾಗೆ. ಅದೂ ಅಲ್ಲದೆ ಸಣ್ಣ ರಿಮ್ಮಿಗೆ ಅಷ್ಟು ಅಗಲದ ಟೈರು ಕೂರಿಸಿದ್ರೆ ಅದು ಉಬ್ಬಿ ನಡುಭಾಗ ಮಾತ್ರ ರಸ್ತೆಗೆ ತಾಗುತ್ತೆ. ನೋಡೋಕೆ ದಪ್ಪ, ಹಿಡಿತ ಇಲ್ಲ. ನನ್ನನ್ನ ಕೇಳಿದ್ರೆ ಕಂಪನಿ ಅಳತೆಯಲ್ಲೇ, ಮಳೆಗೆ ಹಿಡಿತ ಇರೋ ಮೆತ್ತನೆ ರಬ್ಬರಿನ ಒಳ್ಳೆ ಟೈರು ಹಾಕಿ. ಅದಕ್ಕೆ ಎರಡು ಕಾಸು ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ಬ್ರೇಕ್ ಶೂ ಹೊಸದು, ಕೇಬಲ್ ಹೊಸದು ಹಾಕಿಸಿದ್ರೂ ಅಷ್ಟೇ, ನಿಲ್ಲಿಸಿದ ಕಡೆ ನಿಲ್ಲುತ್ತೆ.

ಹೊಸ ಸವಾರ ದಾವಣಗೆರೆ

ಮೈಲೇಜ್ ಕಡಿಮೆ ಆಗಿರೋದು ಇ20, ಅಂದ್ರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿನಿಂದ ಅಂತಾರಲ್ಲ? ಹೆಚ್ಚು ಆಕ್ಟೇನ್ ಇರೋ ದುಬಾರಿ ಪೆಟ್ರೋಲ್ ಹಾಕಿದ್ರೆ ಸರಿಹೋಗುತ್ತಾ?

ಅಳತೆಪಟ್ಟಿ

ಲೀಟರಿಗೆ ಲೀಟರ್ ಹೋಲಿಸಿದ್ರೆ ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಶೇ. 20 ಬೆರೆಸಿದಾಗ ಒಟ್ಟು ಶಕ್ತಿ ಶೇ. 6–7ರಷ್ಟು ಇಳಿಯುತ್ತೆ. ಅದರ ಮೇಲೆ ಹೋದ ಮೈಲೇಜನ್ನ ಗಾಡಿಯಲ್ಲೇ ಹುಡುಕಬೇಕು. ಆಕ್ಟೇನ್ ಹೆಚ್ಚಿದ್ರೆ ಎಂಜಿನ್ ಬಡಿಯೋದು ತಡೆಯುತ್ತೆ ಅಷ್ಟೇ. ಬಡಿಯದ ಎಂಜಿನ್‌ಗೆ ಅದರಿಂದ ಬಲ ಬರಲ್ಲ.

ಘಾಟಿ ಸವಾರ

ಎರಡು ತಿಂಗಳಾಯ್ತು. ಆತುರದಲ್ಲಿ ಬರೆದ ಮೊದಲ ತೀರ್ಪನ್ನ ಸರಿ ಮಾಡಬೇಕು, ಅದನ್ನ ಓದಿ ಯಾರಾದ್ರೂ ದುಡ್ಡು ಹಾಕಿದ್ರೆ ನನಗೆ ನೋವಾಗುತ್ತೆ.

ಹುಬ್ಬಳ್ಳಿ ಅಣ್ಣ ಹೇಳಿದ್ದಷ್ಟೂ ಮಾಡಿಸಿದೆ. ಕೂಲಿ ಸೇರಿ 2,850 ರೂಪಾಯಿ. ಹಳೇ ಬೆಲ್ಟನ್ನ ಹೊಸದರ ಪಕ್ಕ ಇಟ್ಟಾಗ ಬರಿಗಣ್ಣಿಗೇ ಸಣ್ಣ ಕಾಣ್ತಿತ್ತು. ಒಳಬದಿಯ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು, ಬಗ್ಗಿಸಿದ್ರೆ ಬಾಯಿ ಬಿಡ್ತಿದ್ದವು. ಇದು ಘಾಟಿ ಮಧ್ಯೆ ಹೆಂಡತಿ ಹಿಂದೆ ಕೂತಿದ್ದಾಗ ತುಂಡಾಗಿದ್ರೆ ಅಂತ ಅಲ್ಲೇ ಕೈ ತಣ್ಣಗಾಯ್ತು.

ಹೊಸ ಕಂಪನಿ ರೋಲರ್, ಹೊಸ ಬೆಲ್ಟು: ಅದೇ ಜಾಗದಲ್ಲಿ 34. ಮೈಲೇಜ್ 38ರಿಂದ 44ಕ್ಕೆ ಬಂತು. ಒಂದು ತಿಂಗಳು ಹಾಗೇ ಓಡಿಸಿ, ಆಮೇಲೆ ಅದೇ ಹೊಸ ಬೆಲ್ಟಿನ ಜೊತೆ ಹಗುರ ರೋಲರ್ ಮತ್ತೆ ಹಾಕಿದೆ. ಆಗ 37. ಮೈಲೇಜ್ 40. ಹೆಬ್ರಿ ಕಡೆ ಸಮತಟ್ಟು ರಸ್ತೆಯಲ್ಲಿ 55ರಲ್ಲೇ ಎಂಜಿನ್ ಎಳೆದಾಡೋ ಸದ್ದು, ಕಾಲ ಕೆಳಗಿನ ಫುಟ್‌ಬೋರ್ಡಿನಲ್ಲಿ ನಡುಕ.

ಹಾಗಾಗಿ 29ರಿಂದ 34ಕ್ಕೆ ತಂದಿದ್ದು ರಿಪೇರಿ. ಮೇಲಿನ ಮೂರೇ ಹಗುರ ರೋಲರಿನ ಕೆಲಸ, ಅದಕ್ಕೆ ಲೀಟರಿಗೆ ನಾಲ್ಕು ಕಿ.ಮೀ. ಕೊಡಬೇಕು. ಘಾಟಿ ಬಿಟ್ಟು ಬೇರೆ ರಸ್ತೆಯೇ ಇಲ್ಲದವರು ಬೇಕಾದ್ರೆ ಹಾಕಿಸಲಿ. ನನಗೆ ಅರ್ಧ ದಾರಿ ಸಮತಟ್ಟು, ಕಂಪನಿಯದ್ದನ್ನೇ ವಾಪಸ್ ಹಾಕಿಸಿದೆ.

ಉಳಿದ ದುಡ್ಡಿನಲ್ಲಿ ರಾತ್ರಿಪಾಳಿ ಅವರು ಹೇಳಿದ ಹಾಗೆ ರಿಫ್ಲೆಕ್ಟರ್, ಕೆಳಗೊಂದು ಹಳದಿ ದೀಪ. ಹಿಂದಿನ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರ್ತಿತ್ತು, ಅದನ್ನೂ ಬದಲಿಸಿದೆ. ಇಬ್ಬರು ಕೂತಾಗ ತಿರುವಿನಲ್ಲಿ ಹಿಂಭಾಗ ತೇಲೋ ಹಾಗೆ ಆಗ್ತಿದ್ದಿದ್ದು ನಿಂತಿದೆ. ಅದನ್ನ ಮೊದಲು ಹೇಳಿದ್ದು ನಾನಲ್ಲ, ಹಿಂದೆ ಕೂತಿದ್ದ ಹೆಂಡತಿ.

ಹೊಸ ಸವಾರ ದಾವಣಗೆರೆ

ನನ್ನದು 2021ರ 6ಜಿ, ಇಂಜೆಕ್ಷನ್. ಇದಕ್ಕೂ ಇದೇ ಅನ್ವಯ ಆಗುತ್ತಾ?

ಹುಬ್ಬಳ್ಳಿ ಗ್ಯಾರೇಜ್

ಬೆಲ್ಟು, ರೋಲರ್ ವಿಚಾರ ಅದ ರೀ ತಮ್ಮಾ. ಸೈಲೆನ್ಸರ್, ಫಿಲ್ಟರ್ ತಂಟೆಗೆ ಮಾತ್ರ ಇನ್ನೂ ಹೋಗಬ್ಯಾಡ್ರಿ. ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯೊಳಗ ಸೈಲೆನ್ಸರ್ ಕಡೆ ಆಕ್ಸಿಜನ್ ಸೆನ್ಸರ್ ಇರ್ತೈತಿ, ಅದನ್ನ ನೋಡಿ ಪೆಟ್ರೋಲ್ ಅಳತೆ ಹಾಕ್ತೈತಿ. ಅದರ ಲೆಕ್ಕ ತಪ್ಪಿಸಿದ್ರ ಮೀಟರಿನ್ಯಾಗ ಲೈಟ್ ಹತ್ತತೈತಿ. ನಿಮಗ ಮುಂದಿನ ಚಕ್ರ 12 ಇಂಚಿಂದು, ಟೆಲಿಸ್ಕೋಪಿಕ್ ಫೋರ್ಕ್ ಬ್ಯಾರೆ ಐತಿ. ಘಾಟಿ ಸರ್ ಗಾಡಿಗಿಂತ ಅದು ಮೊದಲ ಛಲೋ. ಎಷ್ಟ್ ಓಡೈತಿ?

ಹೊಸ ಸವಾರ ದಾವಣಗೆರೆ

31 ಸಾವಿರ. ಬೆಲ್ಟ್ ಇನ್ನೂ ಕಂಪನಿಯಿಂದ ಬಂದದ್ದೇ ಇದೆ.

ಹುಬ್ಬಳ್ಳಿ ಗ್ಯಾರೇಜ್

ಹಂಗಾದ್ರ ಈ ವಾರಾನ ಕವರ್ ಬಿಚ್ಚಿಸ್ರಿ. ನೀವು ಪಕ್ಕದಾಗ ನಿಂತು ನೋಡ್ರಿ, ರೋಲರ್ ಕೈಯಾಗ ತಗೊಂಡು ನೆಲದ ಮ್ಯಾಲ ಉರುಳಿಸ್ರಿ.